ಕಲ್ಲು ಬೇರೆ, ಸಕ್ಕರೆ ಬೇರೆ

ಕಾಪುವಿನಿಂದ ಕಾರ್ಕಳದವರೆಗೆ ತನ್ನ ಕಣ್ಣಿಗೆ ಮಣ್ಣೆರಚಬಲ್ಲ ಕಲ್ಲು ಇನ್ನೂ ಹುಟ್ಟಿಲ್ಲ ಎಂದು ಸಿರಿಲ್ ಹೇಳಿಕೊಳ್ಳುತ್ತಿದ್ದರು. ಅವರು ಬಸ್ಸಿನಲ್ಲಿ ಹೋಗುವಾಗ ಕಾರ್ಕಳದ ಹೆಬ್ಬಂಡೆಗಳು ಎದ್ದು ನಿಂತು ನಮಸ್ಕರಿಸುತ್ತಿದ್ದವಂತೆ. (ನೋಡಿದವರು ಅವರೊಬ್ಬರೇ.)

ಬಹರೈನಿನ ಎಣ್ಣೆ ಕಂಪೆನಿಯಲ್ಲಿ ದುಡಿದು ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಊರಿಗೆ ಬಂದಾಗ, ಕಾಪುವಿನ ಗಂಡಂದಿರೆಲ್ಲ ಹೆಂಡತಿಯರಿಗೆ ಚಿನ್ನದ ಸರ ತಂದರೆ ಇವರು ತಂದದ್ದು ಫ್ಲೋರೈಟ್ ಎಂಬ ಹಳದಿ ಖನಿಜದ ಒಂದು ಹರಳು. ಅಡಿಕೆಯ ಗಾತ್ರ, ಜೇನಿನ ಬಣ್ಣ, ಭೂಗರ್ಭದಲ್ಲಿ ತಾನಾಗಿಯೇ ಚೌಕವಾಗಿ ಬೆಳೆದದ್ದು. ಪತ್ನಿ ಇಮೆಲ್ಡಾಗೆ ಬಂದ ಸಿಟ್ಟಿಗೆ ಒಲೆ ಹೊತ್ತಿಸದೆಯೇ ಗಂಜಿ ಕುದಿಯಿತು. ಆ ಕಲ್ಲಿನ ಮುಖವನ್ನೇ ನೋಡುವುದಿಲ್ಲವೆಂದು ಆಕೆ ಅಂದೇ ಪ್ರತಿಜ್ಞೆ ಮಾಡಿ, ಅದರಂತೆ ನಡೆದುಕೊಂಡಿದ್ದರು.

ಒಂದು ಭಾನುವಾರ ಮಣಿಪಾಲದಿಂದ ಪ್ರೊಫೆಸರ್ ಗುಣಪಾಲರು ಹರಳು ನೋಡಲು ಬರುವವರಿದ್ದರು. ಕಲ್ಲು ಕೂಡಿಡುವುದೇ ಅವರ ಹುಚ್ಚು. ಅವರ ಗಾಜಿನ ಕಪಾಟು ಸೇರಿದರೆ ಹರಳಿನ ಕೆಳಗೆ 'ಸಿರಿಲ್, ಕಾಪು' ಎಂಬ ಚೀಟಿ! ಸಿರಿಲ್ ಅದನ್ನು ತೊಳೆದು, ಒರೆಸಿ, ಮೇಜಿನ ಮೇಲಿಟ್ಟು ಶರ್ಟು ಹಾಕಲು ಒಳಗೆ ಹೋದರು. ಅಷ್ಟರಲ್ಲಿ ಪ್ರೊಫೆಸರ್ ಬಂದೇಬಿಟ್ಟರು. ಬಂದವರಿಗೆ ಮೊದಲು ನೀರು ಬೆಲ್ಲ ಕೊಡಬೇಕು, ಬೆಲ್ಲ ಮುಗಿದಿತ್ತು. ಇಮೆಲ್ಡಾ ತಟ್ಟೆಯಲ್ಲಿ ಹಳದಿ ಕಲ್ಲುಸಕ್ಕರೆ ತಂದಿಟ್ಟರು. ಒಂದು ತುಂಡು ಹೊರಗೆ ಬಿದ್ದಿದೆಯೆಂದುಕೊಂಡು ಹರಳನ್ನೂ ಎತ್ತಿ ಅದೇ ತಟ್ಟೆಗೆ ಹಾಕಿದರು.

"ನನ್ನ ಕಲ್ಲೆಲ್ಲಿ?" ಹೊರಗೆ ಬಂದ ಸಿರಿಲ್ ಗುಡುಗಿದರು.

"ಎಂತ ಕಲ್ಲು? ಮೇಜಿನಲ್ಲಿ ಒಂದು ಸಕ್ಕರೆ ಬಿದ್ದಿತ್ತು, ತಟ್ಟೆಗೆ ಹಾಕಿದೆ."

"ಸಕ್ಕರೆಯಾ? ಅದು ಕೋಟಿ ವರ್ಷದ ಹರಳು ಮಾರಾಯ್ತಿ!"

"ಕೋಟಿ ವರ್ಷ ಹಾಳಾಗದ್ದು ನನ್ನ ತಟ್ಟೆಯಲ್ಲಿ ಐದು ನಿಮಿಷಕ್ಕೆ ಹಾಳಾಗ್ತದಾ? ಅಲ್ಲೇ ಉಂಟು, ಹೆಕ್ಕಿಕೊಳ್ಳಿ. ದೊಡ್ಡ ಪಂಡಿತರಲ್ವಾ!"

ತಟ್ಟೆಯಲ್ಲಿ ಆರು ತುಂಡು. ಆರೂ ಒಂದೇ ಬಸಿರಿನಲ್ಲಿ ಹುಟ್ಟಿದ ಹಾಗೆ. ಈಗ ತಪ್ಪಿದರೆ ಚೀಟಿಯ ಮಾತು ಹಾಗಿರಲಿ, ಇಡೀ ಕಾಪು ನಗುತ್ತದೆ.

"ನೀರಿಗೆ ಹಾಕುವ, ಸಿರಿಲ್ ಪೊರ್ಬುಗಳೇ. ಕರಗದ್ದು ಕಲ್ಲು," ಎಂದರು ಪ್ರೊಫೆಸರ್ ಮೆಲ್ಲಗೆ.

"ಏನಂದಿರಿ? ನನಗೇ ಪರೀಕ್ಷೆಯಾ?" ಸಿರಿಲರ ಮೂಗು ಮೆಣಸಿನ ಹಣ್ಣಾಯಿತು.

"ನೆಕ್ಕಿಯಾದರೂ ನೋಡಿ," ಎಂದರು ಇಮೆಲ್ಡಾ.

"ಬಾಯಿ ಮುಚ್ಚು! ನೆಕ್ಕಲಿಕ್ಕೆ ನಾನೇನು ಇರುವೆಯಾ?"

ಸಿರಿಲ್ ಒಂದು ತುಂಡನ್ನು ಎತ್ತಿ ಹಿಡಿದರು. ಅದರ ಅಂಚು, ಕಾಂತಿ, ಕುಲಗೋತ್ರಗಳ ಮೇಲೆ ಕಾಲು ಗಂಟೆ ವ್ಯಾಖ್ಯಾನ ನಡೆಸಿ ಪ್ರೊಫೆಸರರ ಅಂಗೈಗಿಟ್ಟರು. ಪ್ರೊಫೆಸರರ ಅಂಗೈ ಅಂಟಂಟಾಗತೊಡಗಿತು. ಮರ್ಯಾದಸ್ಥರು, ಮುಷ್ಟಿ ಮುಚ್ಚಿಕೊಂಡರು.

"ಕಂಡಿರಾ? ಉಳಿದದ್ದೆಲ್ಲ ಬರೀ ಸಕ್ಕರೆ!" ಸಿರಿಲ್ ಹೆಂಡತಿಯನ್ನು ದುರುಗುಟ್ಟಿ ನೋಡುತ್ತಲೇ ತಟ್ಟೆಯಿಂದ ಮತ್ತೊಂದನ್ನು ಬಾಯಿಗೆಸೆದುಕೊಂಡು, ದವಡೆಯ ನಡುವೆ ಸಿಕ್ಕಿಸಿ, ಮದುವೆಯಾದಂದಿನಿಂದ ಕೂಡಿಟ್ಟ ಸಿಟ್ಟನ್ನೆಲ್ಲ ಸೇರಿಸಿ ಕಚ್ಚಿದರು.

"ಕಟಕ್!" ಎಂದಿತು ಫ್ಲೋರೈಟು.