ಬೆಳೆಯದ ಕಾರಿಗೆ ದೊಡ್ಡ ಟೈರು

ಸಾವಿರದ ಒಂಬೈನೂರ ಎಪ್ಪತ್ತಾರರಲ್ಲಿ, ಏಳನೆಯ ತರಗತಿಯ ಪರೀಕ್ಷೆಗೆ ಇನ್ನೊಂದು ತಿಂಗಳಿದೆ ಎನ್ನುವಾಗ, ನಾನು ಓದು ನಿಲ್ಲಿಸಿದೆ. ನೀನು ಶಾಲೆ ಬಿಟ್ಟೆಯೋ, ಶಾಲೆ ನಿನ್ನನ್ನು ಬಿಟ್ಟಿತೋ ಎಂದು ಕೇಳಿದವರಿಗೆಲ್ಲ ನಾನೇ ಬಿಟ್ಟೆ ಎಂದು ಹೇಳುತ್ತ ಬಂದಿದ್ದೇನೆ. ಹಾಗೆ ಹೇಳುವುದರಲ್ಲಿ ಒಂದು ಗತ್ತಿದೆ. ಅದಕ್ಕೆ ಮೂರು ವರ್ಷ ಮೊದಲು ಅಪ್ಪ ನನಗೊಂದು ಖಾಕಿ ಚಡ್ಡಿ ಹೊಲಿಸಿದ್ದರು. "ಬೆಳೆಯೋ ಮಗ ಕಣಪ್ಪ, ವಸಿ ದೊಡ್ಡದಾಗೇ ಮಡುಗು" ಎಂದು ಟೈಲರಿಗೆ ಹೇಳಿದ್ದರಿಂದ, ಅದರ ಒಂದೊಂದು ಕಾಲಿನೊಳಗೂ ನನ್ನಂಥ ಇಬ್ಬರು ಸಂಸಾರ ಮಾಡಬಹುದಿತ್ತು. ಉಡಿದಾರಕ್ಕೆ ಸಿಕ್ಕಿಸಿಕೊಂಡರೂ ನಿಲ್ಲುತ್ತಿರಲಿಲ್ಲ. ಒಂದು ಕೈಯಲ್ಲಿ ಸ್ಲೇಟು, ಇನ್ನೊಂದು ಕೈಯಲ್ಲಿ ಚಡ್ಡಿ ಹಿಡಿದುಕೊಂಡೇ ನಾನು ಹದಿನಾರರ ಮಗ್ಗಿ ಕಲಿತದ್ದು. ಮೇಷ್ಟ್ರು ಕೈ ಚಾಚು ಎಂದರೆ ಏಟಿಗಿಂತ ಚಡ್ಡಿಯ ಭಯವೇ ಹೆಚ್ಚು. ಅದು ನನ್ನ ಸೊಂಟಕ್ಕೆ ಸರಿಯಾಗಿ ಕೂತ ವರ್ಷವೇ ನಾನು ಶಾಲೆ ಬಿಟ್ಟೆ. ಅದನ್ನೇ ತೊಟ್ಟು ನಂಜನಗೂಡಿನ ಒಂದು ಟೈಲರ್ ಅಂಗಡಿಯಲ್ಲಿ ಅಂಗಿಗಳಿಗೆ ಕಾಜಾ ಹೊಲಿಯಲು ಕುಳಿತೆ.

ಹನ್ನೊಂದು ವರ್ಷ ಕಳೆದು ನಾನು ತಿ. ನರಸೀಪುರದಲ್ಲಿ ಸ್ವಂತ ಅಂಗಡಿ ಹಾಕಲು ಹೊರಟಾಗ, ಆ ಅಂಗಡಿಯ ಟೈಲರು, ನನ್ನ ಗುರುಗಳು, ತಮ್ಮ ಕೊರಳಿನ ಅಳತೆಯ ಟೇಪನ್ನೇ ತೆಗೆದು ನನ್ನ ಕೊರಳಿಗೆ ಹಾಕಿ, "ಕತ್ರಿ ಯಾವನು ಬೇಕಾದ್ರೂ ಆಡುಸ್ತಾನೆ ಪುಟ್ಟಸ್ವಾಮಿ. ಅಳತೆ ತಪ್ಪುಸ್ಬ್ಯಾಡ" ಅಂದರು. ತಪ್ಪಿಸಲಿಲ್ಲ. ತಪ್ಪಿಸಲಿಲ್ಲ ಎಂದೇ ಹೇಳಿಕೊಂಡು ತಿರುಗಿದೆ ಅಂದರೆ ಇನ್ನೂ ಸರಿ. ಸುತ್ತಲಿನ ಶಾಲೆಗಳಿಗೆಲ್ಲ ಯೂನಿಫಾರಂ ಹೊಲಿಯುವವನು ನಾನೇ ಆದೆ. ಗುರುಗಳ ಅಳತೆಗೆ ಅಪ್ಪನ ಮಾತನ್ನು ಸೇರಿಸಿದ್ದು ನನ್ನ ಸ್ವಂತ ವಿದ್ಯೆ: ಎಲ್ಲ ಮಕ್ಕಳಿಗೂ ಎರಡಿಂಚು ಹೆಚ್ಚು. ಈ ಸೀಮೆಯ ಯಾವ ಮಗುವೂ ಹೊಸ ಅಂಗಿ ಹಾಕಿದ ದಿನ ತನ್ನ ಕೈಬೆರಳನ್ನು ತಾನು ಕಂಡದ್ದಿಲ್ಲ. ಯಾರಾದರೂ ತಾಯಿ ಬಂದು ದೊಗಳೆಯಾಯಿತು ಎಂದರೆ, "ಎರಡ್ ಸಲ ಒಗೀರಮ್ಮ, ಸರಿಹೋಯ್ತದೆ" ಎಂದು ಕಳಿಸುತ್ತಿದ್ದೆ. ಅವರು ಒಗೆದು ಮತ್ತೆ ಬರುವಷ್ಟರಲ್ಲಿ ಮಗುವೇ ಒಂದಿಷ್ಟು ಬೆಳೆದಿರುತ್ತಿತ್ತು.

ಹೀಗಿರುವಾಗ, ಎರಡು ಸಾವಿರದ ಒಂದರಲ್ಲಿ, ಯಾರೋ ಡಾಕ್ಟರು ಓಡಿಸಿ ಬಿಟ್ಟ ಒಂದು ಸಣ್ಣ ಬಿಳಿ ಕಾರು ನನ್ನ ಪಾಲಿಗೆ ಬಂತು. ಅಲ್ಲಿಯವರೆಗೆ ಯೂನಿಫಾರಂ ಗಂಟುಗಳು ಬಸ್ಸಿನ ಟಾಪಿನ ಮೇಲೆ ಕೋಳಿಬುಟ್ಟಿಗಳ ಜೊತೆ ಪ್ರಯಾಣ ಮಾಡುತ್ತಿದ್ದವು. ಈಗ ಅವು ಹಿಂದಿನ ಸೀಟಿನಲ್ಲಿ ಬೀಗರಂತೆ ಕುಳಿತು ಹೋಗತೊಡಗಿದವು. ಏಳನೆಯ ತರಗತಿ ಮುಗಿಸದವನು ಕಾರಿನಲ್ಲಿ ಶಾಲೆಯ ಗೇಟಿಗೆ ಬಂದು ಹಾರನ್ ಹೊಡೆದಾಗ ಹೆಡ್ ಮೇಷ್ಟ್ರು ಕುರ್ಚಿಯಿಂದ ಏಳುತ್ತಿದ್ದ ಸುಖವನ್ನು ಬರೆದು ತಿಳಿಸುವುದು ಕಷ್ಟ.

ಎರಡು ವರ್ಷಕ್ಕೆ ಟೈರು ಸವೆದವು. "ನಿಮ್ಮ ತಲೆಗೂ ಆ ಟೈರಿಗೂ ಏನೂ ಯತ್ಯಾಸ ಇಲ್ಲ ಕಣ್ರೀ, ಎರಡ್ರಲ್ಲೂ ಮುಖ ಕಾಣ್ತದೆ" ಎಂದು ನನ್ನ ಹೆಂಡತಿ ಗೌರಮ್ಮ ದಿನಾ ಹೇಳುತ್ತಿದ್ದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೊದಲ ಮಳೆ ಬಿದ್ದ ದಿನ ಬದನವಾಳಿನ ಹತ್ತಿರ ಬ್ರೇಕು ಹಾಕಿದರೆ, ಕಾರು ಕೆರೆಗೆ ಇಳಿಯುವ ಎಮ್ಮೆಯ ಹಾಗೆ ನಿಧಾನವಾಗಿ, ಯಾವ ಆತುರವೂ ಇಲ್ಲದೆ ಜಾರಿಕೊಂಡು ಹೋಗಿ ಒಂದು ಹೊಂಗೆಮರದ ಬುಡದಲ್ಲಿ ನಿಂತಿತು. ಪಕ್ಕದ ಸೀಟಿನಲ್ಲಿದ್ದ ಗೌರಮ್ಮ ಏನೂ ಹೇಳಲಿಲ್ಲ. ಅವಳು ಏನೂ ಹೇಳಲಿಲ್ಲ ಎಂದರೆ ಮರುದಿನವೇ ಟೈರು ತರಬೇಕು ಎಂದರ್ಥ.

ನಂಜನಗೂಡಿನಲ್ಲಿ ಮಾದೇವ ಎಂಬ ಇಪ್ಪತ್ತೈದರ ಆಸುಪಾಸಿನವನ ಟೈರಂಗಡಿಗೆ ಹೋದೆವು. ಗೋಡೆಯುದ್ದಕ್ಕೂ ಕಪ್ಪು ಟೈರುಗಳು. ಹೊಸ ರಬ್ಬರಿನ ಆ ವಾಸನೆಗೂ ಜೂನ್ ತಿಂಗಳ ಹೊಸ ಸ್ಕೂಲ್ ಬ್ಯಾಗಿನ ವಾಸನೆಗೂ ಏನೋ ನಂಟಿದೆ; ನನಗೆ ಒಂದು ಕ್ಷಣ ಮನಸ್ಸು ಎಲ್ಲೋ ಹೋಯಿತು. ಬಟ್ಟೆಯಂಗಡಿಯಲ್ಲಿ ಪೀಸು ಮುಟ್ಟಿದಂತೆ ಒಂದೊಂದನ್ನೂ ಬೆರಳಲ್ಲಿ ತೀಡಿದೆ. ಕೊನೆಗೆ ಕೊರಳಿನ ಟೇಪು ತೆಗೆದು ನನ್ನ ಕಾರಿನ ಚಕ್ರಕ್ಕೆ ಸುತ್ತು ಹಿಡಿದೆ.

"ಸಾ, ಅಳ್ಯೋದು ಬ್ಯಾಡ. ಸೈಜು ಟೈರ್ ಮೇಲೇ ಬರ್ದದೆ" ಅಂದ ಮಾದೇವ.

"ಬರ್ದೋರು ನಮ್ ರಸ್ತೆ ಕಂಡವ್ರಾ? ಅದುಕ್ಕಿಂತ ವಸಿ ದೊಡ್ಡದು ಆಕಪ್ಪ."

"ಯಾಕ್ ಸಾ?"

"ಸವೀತದಲ್ಲ. ದೊಡ್ಡದಿದ್ರೆ ಸವೆದು ಸವೆದು ಅಳತೆಗೆ ಬತ್ತದೆ. ಆಮ್ಯಾಕೆ ಎರಡು ವರ್ಸ ಜಾಸ್ತಿ ಬಾಳ್ತದೆ."

ಮಾದೇವ ಗೌರಮ್ಮನ ಮುಖ ನೋಡಿದ. ಅವಳು ಗೋಡೆಯ ಕ್ಯಾಲೆಂಡರ್ ನೋಡಿದಳು. "ಸಾ, ಕಾರೇನು ಬೆಳೆಯೋ ಮಗಾನಾ? ತಿರುವ್ನಲ್ಲಿ ಮಡ್‌ಗಾರ್ಡಿಗೆ ತಗುಲ್ತದೆ, ಬ್ಯಾಡಿ" ಅಂದ.

ಅಷ್ಟು ಸಾಕಾಯಿತು. "ಮೂವತ್ತು ವರ್ಸದಿಂದ ಅಳತೆ ತಗೀತಾ ಇವ್ನಿ ಕಣಯ್ಯ. ನನ್ನ ಅಳತೆ ತಪ್ಪಿದ್ರೆ ಈ ಟೇಪ್ನ ನಿನ್ ಅಂಗಡೀಲೇ ನೇತಾಕ್ಬುಟ್ಟು ಓಯ್ತೀನಿ."

"ಆಗ್ಲಿ ಸಾ. ಮೊಳೆ ಒಡ್ದಿರ್ತೀನಿ" ಎಂದು ಮಾದೇವ ನಾಲ್ಕು ದೊಡ್ಡ ಟೈರು ಹಾಕಿಕೊಟ್ಟ. ಹೊರಡುವ ಮುಂಚೆ ಇನ್ನೊಮ್ಮೆ ಹೇಳಿದ: "ಓಡ್ಸಿದ್ ಮ್ಯಾಲೆ ವಾಪಸ್ ತಗಳಲ್ಲ ಸಾ."

ಊರು ದಾಟುವ ಮೊದಲ ತಿರುವಿನಲ್ಲೇ ಕಾರು ಹಲ್ಲು ಕಡಿಯಿತು. ಕರ್ರ್ ಎಂದು.

"ಏನ್ರೀ ಅದು?"

"ಹೊಸ್ದು. ಎರಡ್ ದಿನಕ್ಕೆ ಸರಿಹೋಯ್ತದೆ."

"ಒಗುದ್ರೆ ಸರಿಹೋಯ್ತದಾ?" ಅಂದಳು ಗೌರಮ್ಮ. ಮುಂದಿನ ತಿರುವಿನಲ್ಲಿ ಆ ಸದ್ದು ಮುಚ್ಚಲು ನಾನು ಹಾರನ್ ಹೊಡೆದೆ.

ಆಮೇಲಿನ ಮೂರು ವಾರ ನಾನು ನೇರವಾದ ಮನುಷ್ಯನಾಗಿ ಬದುಕಿದೆ. ತಿರುವಿರುವ ಯಾವ ಬೀದಿಗೂ ಹೋಗಲಿಲ್ಲ. ಸಂತೆಗೆ ಹೋಗಬೇಕಾದರೆ ಊರಾಚೆ ಹೋಗಿ, ದೊಡ್ಡ ಬಯಲಿನಲ್ಲಿ ಅಗಲವಾಗಿ ಸುತ್ತು ಹಾಕಿ, ಇನ್ನೊಂದು ಕಡೆಯಿಂದ ನೇರವಾಗಿ ಬರುತ್ತಿದ್ದೆ. ಮನೆಯ ಮುಂದೆ ಕಾರು ತಿರುಗಿಸಲು ಹಿಂದೆ ಮುಂದೆ ಹಿಂದೆ ಮುಂದೆ ಎಂದು ಹೊಲಿಗೆ ಯಂತ್ರದ ಸೂಜಿಯಂತೆ ಆಡುತ್ತಿದ್ದರೆ ಪಕ್ಕದ ಮನೆಯವರು ಕಾಫಿ ಲೋಟ ಹಿಡಿದು ಹೊರಗೆ ಬಂದು ನಿಲ್ಲುತ್ತಿದ್ದರು. ತಪ್ಪಾಯಿತು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ಮಾತಿನ ತುದಿಗೆ ಗುರುಗಳ ಟೇಪು ಕಟ್ಟಿಕೊಂಡಿತ್ತಲ್ಲ.

ಶಾಲೆ ಶುರುವಾಗುವ ಹಿಂದಿನ ದಿನ ಕವಲಂದೆಗೆ ಯೂನಿಫಾರಂ ಒಯ್ಯಬೇಕಾಯಿತು. ಗಂಟುಗಳ ಭಾರಕ್ಕೆ ಕಾರು ತಗ್ಗಿ, ಈಗ ನೇರ ರಸ್ತೆಯಲ್ಲೂ ಕರಕರ ಅನ್ನುತ್ತಿತ್ತು. ಶಾಲೆಯ ಗೇಟಿನ ಹತ್ತಿರ ಒಂದು ಇಕ್ಕಟ್ಟಾದ ತಿರುವು. ಸ್ಟೇರಿಂಗು ಅರ್ಧ ತಿರುಗಿ ನಿಂತೇಬಿಟ್ಟಿತು. ಹಾರನ್ ಹೊಡೆಯಲು ಧೈರ್ಯವಾಗಲಿಲ್ಲ. ಇಳಿದು, ಗಂಟುಗಳನ್ನು ಒಂದೊಂದಾಗಿ ತಲೆಯ ಮೇಲೆ ಹೊತ್ತು, ಹೆಡ್ ಮೇಷ್ಟ್ರ ಮುಂದೆ ಇಳಿಸಿದೆ. "ಯಾಕ್ರೀ ಟೈಲರೇ, ಕಾರು?" ಎಂದರು. "ಬೆಳೀತಾ ಅದೆ ಸಾ" ಎಂದು ಬಾಯಿಗೆ ಬಂತು, ನುಂಗಿಕೊಂಡೆ.

ಭಾರ ಇಳಿದು ಸ್ಟೇರಿಂಗು ಬಿಟ್ಟುಕೊಂಡ ಮೇಲೆ, ಅಲ್ಲಿಂದ ನೇರ ನಂಜನಗೂಡಿಗೆ. ಮಾದೇವ ಕಾರಿನ ಸದ್ದಿಗೇ ಎದ್ದು ಬಂದ. ಮಡ್‌ಗಾರ್ಡಿನ ಒಳಗಿನ ಕಪ್ಪು ಗೆರೆಗಳನ್ನು ಬೆರಳಿನಿಂದ ಒರೆಸಿ ನೋಡಿದ. ಗೋಡೆಯಲ್ಲಿ ಮೊಳೆ ನಿಜವಾಗಿಯೂ ಇತ್ತು.

"ನನ್ನ ಅಳತೆ ತಪ್ತು ಕಣಪ್ಪ" ಅಂದೆ. ಇಪ್ಪತ್ತೇಳು ವರ್ಷದಲ್ಲಿ ಹಾಗೆ ಒಪ್ಪಿಕೊಂಡದ್ದು ಅದೇ ಮೊದಲ ಸಲ. ಟೇಪು ತೆಗೆದು ನೇತುಹಾಕಿದೆ. ಕೊರಳು ಬರಿದಾದಾಗ ಅಂಗಿ ಇಲ್ಲದೆ ಬೀದಿಯಲ್ಲಿ ನಿಂತಂತಾಯಿತು.

ಮಾದೇವ ಜಾಕ್ ಏರಿಸುತ್ತ ಹೇಳಿದ: "ನೀವು ಆವತ್ತು ಟೇಪ್ ಇಡ್ದಾಗ್ಲೇ ಗುರ್ತು ಸಿಕ್ತು ಟೈಲರಣ್ಣ. ನಾನು ಕವಲಂದೆ ಸ್ಕೂಲ್ನೋನು. ಐದ್ನೇ ಕ್ಲಾಸಲ್ಲಿ ನಂಗೂ ಒಂದು ಚಡ್ಡಿ ಒಲ್ದಿದ್ರಿ."

"ಹೌದಾ? ಸರಿಯಾಗಿತ್ತಾ?"

"ಆಯ್ತು. ಅದು ಸರಿಯಾಗೋ ಒತ್ಗೆ ನಾನು ಸ್ಕೂಲ್ ಬುಟ್ಟು ಪಂಚರ್ ಆಕೋಕೆ ಸೇರ್ಕಂಡಿದ್ದೆ." ಸ್ಪ್ಯಾನರ್ ತಿರುಗಿಸುತ್ತಲೇ ನಕ್ಕ. "ಒಲಿಗೆ ಮಾತ್ರ ಗಟ್ಟಿ ಕಣಣ್ಣ. ಒಂದು ದಾರ ಬುಡ್ಲಿಲ್ಲ."

ಅವನು ನಾಲ್ಕು ಚಕ್ರಕ್ಕೂ ಬರೆದಿರುವ ಸೈಜಿನದೇ ಟೈರು ಹಾಕುವವರೆಗೆ ನಾನು ಸ್ಟೂಲಿನ ಮೇಲೆ ಕುಳಿತಿದ್ದೆ. ಹೊರಟಾಗ ಅವನು ಟೇಪು ತೆಗೆದು ಕೊಡಲು ಬಂದ. ನಾನು ತೆಗೆದುಕೊಳ್ಳಲಿಲ್ಲ. ಆಡಿದ ಮಾತು ಎರಡಿಂಚು ದೊಡ್ಡದಾಗಿಯೇ ಇತ್ತು. ಅದರ ಅಳತೆಗೆ ಇನ್ನು ನಾನೇ ಬೆಳೆಯಬೇಕಿತ್ತು.

ಈಗಲೂ ತಾಯಂದಿರು ಬಂದು ವಸಿ ದೊಡ್ಡದಾಗಿ ಹೊಲಿಯಿರಿ ಅನ್ನುತ್ತಾರೆ. ಮೈಗೆ ಸರಿಯಾಗಿಯೇ ಹೊಲಿದು, ಎರಡಿಂಚನ್ನು ಒಳಗೆ ಮಡಿಚಿ ಇಡುತ್ತೇನೆ. ಮಡಿಕೆ ಬಿಚ್ಚಿಸಲು ಬಂದ ಮಕ್ಕಳನ್ನು ಎಷ್ಟನೇ ಕ್ಲಾಸು ಎಂದು ಕೇಳುತ್ತೇನೆ. ಏಳು ದಾಟಿ ಎಂಟು ಎಂದರೆ ಬಿಚ್ಚಿದ್ದಕ್ಕೆ ಕೂಲಿ ತೆಗೆದುಕೊಳ್ಳುವುದಿಲ್ಲ. ದೊಡ್ಡ ಟೈರುಗಳಲ್ಲಿ ಒಂದರ ಮೇಲೆ ಗೌರಮ್ಮ ನೀರಿನ ಡ್ರಮ್ಮು ಕೂರಿಸಿದ್ದಾಳೆ, ಎರಡರಲ್ಲಿ ಕರಿಬೇವು, ದಾಸವಾಳ. ನಾಲ್ಕನೆಯದರ ಮೇಲೆ ಅವಳು ಕುಳಿತು ಸೊಪ್ಪು ಬಿಡಿಸುತ್ತಾಳೆ. ನಾನು ಕಾರು ತಿರುಗಿಸುವುದನ್ನು ಅಲ್ಲಿಂದಲೇ ನೋಡುತ್ತಾಳೆ.

ಈಗ ನನ್ನಲ್ಲಿರುವುದು ಎರಡು ಹೊಲಿಗೆ ಯಂತ್ರ, ಮೂರು ಕತ್ತರಿ, ಒಂದು ಹೊಸ ಟೇಪು, ಒಂದು ಕಾರು. ಟೈರು, ಸ್ಟೆಪ್ನಿ ಸೇರಿ, ಒಂಬತ್ತು. ಅದರಲ್ಲಿ ಐದು ಅಳತೆಗೆ ಸರಿ.