ಗು.ಹಾ.ವ. ಬಗ್ಗೆ ಒಂದು ತುರ್ತು ವರದಿ

ಸರ್ಕಾರಿ ಕನ್ನಡದಲ್ಲಿ ನನಗೆ ಬಿಡಿಸಲಾಗದ ಸಂಕ್ಷಿಪ್ತ ಅಕ್ಷರಗಳೇ ಇಲ್ಲ ಎಂದು ನಾನು ಇಪ್ಪತ್ತು ವರ್ಷ ನಂಬಿದ್ದೆ. ಪ್ರ.ದ.ಸ. ಎಂದರೆ ಪ್ರಥಮ ದರ್ಜೆ ಸಹಾಯಕ, ಅಂದರೆ ನಾನು. ಗ್ರಾ.ಲೆ. ಎಂದರೆ ಗ್ರಾಮ ಲೆಕ್ಕಿಗ, ಅಂದರೆ ಬೇಕಾದಾಗ ಕೈಗೆ ಸಿಗದ ಮನುಷ್ಯ. ಸಂಡೂರಿನ ನಮ್ಮ ಕಚೇರಿಗೆ ಅರ್ಥವಾಗದ ಪತ್ರ ಬಂದರೆ ನನ್ನನ್ನೇ ಕರೆಯುತ್ತಿದ್ದರು. ನಾನೂ ಕನ್ನಡಕ ಒರೆಸಿಕೊಂಡು ಗಂಭೀರವಾಗಿ ಹೋಗುತ್ತಿದ್ದೆ.

ಗಣಿಗಳು ಭರಾಟೆಯಲ್ಲಿದ್ದ ಕಾಲ ಅದು. ಹೊಸಪೇಟೆಯಿಂದ ದಿನಾ ಬಸ್ಸಿಗೆ ಹೊರಟರೆ ಮುಂದೆ ಅದಿರಿನ ಲಾರಿ, ಹಿಂದೆ ಅದಿರಿನ ಲಾರಿ. ಬಿಳಿ ಅಂಗಿ ತೊಟ್ಟು ಬಸ್ ಹತ್ತಿದವನು ಕೆಂಪು ಧೂಳು ಮೆತ್ತಿ ಸಂಡೂರಿನಲ್ಲಿ ಕಾವಿ ತೊಟ್ಟು ಇಳಿಯುತ್ತಿದ್ದೆ. ಅಂಥ ಒಂದು ದಿನ ಮೇಲಿನ ಕಚೇರಿಯಿಂದ 'ತುರ್ತು' ಎಂಬ ಮೊಹರಿನ ಪತ್ರ ಬಂತು. 'ನಿಮ್ಮ ವ್ಯಾಪ್ತಿಯಲ್ಲಿ ಕಂಡುಬಂದ ಗು.ಹಾ.ವ. ಕುರಿತು ಲಗತ್ತಿಸಿದ ನಮೂನೆಯಲ್ಲಿ ಮೂರು ದಿನಗಳೊಳಗೆ ವರದಿ ಸಲ್ಲಿಸುವುದು. ಹಿನ್ನೆಲೆ ಟಿಪ್ಪಣಿಯನ್ನು ಪ್ರತ್ಯೇಕವಾಗಿ ಕಳುಹಿಸಲಾಗುವುದು.'

ನಮ್ಮ ಟೈಪಿಸ್ಟ್ ಮೆಹಬೂಬ್ ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ. "ಸರ್, ಗು.ಹಾ.ವ. ಅಂದ್ರ ಏನ್ರಿ?"

"ಇಷ್ಟೂ ತಿಳಿಯೂದಿಲ್ಲೇನಪಾ? ಗುಡ್ಡ ಹಾನಿ ವಿವರ," ಎಂದೆ. ಕ್ಷಣವೂ ಯೋಚಿಸಲಿಲ್ಲ. ಕಿಟಕಿಯಾಚೆ ಕಾಣುತ್ತಿದ್ದದ್ದು ಗುಡ್ಡ, ಅದಕ್ಕೆ ಆಗುತ್ತಿದ್ದದ್ದು ಹಾನಿ, ಸರ್ಕಾರ ಕೇಳುತ್ತಿದ್ದದ್ದು ವಿವರ.

"ಒಂದ್ ಸಲ ಫೋನ್ ಹಚ್ಚಿ ಕೇಳೂಣೇನ್ರಿ?"

"ಬ್ಯಾಡ. ನಮಗ ಗೊತ್ತಿಲ್ಲ ಅಂತ ನಾವ ಯಾಕ ಡಂಗುರ ಹೊಡೀಬೇಕು?"

ನಮೂನೆ ಬಿಡಿಸಿ ನೋಡಿದಾಗ ಸರ್ಕಾರದ ಮೇಲೆ ಗೌರವ ಉಕ್ಕಿ ಬಂತು. ಬಣ್ಣ, ಗಾತ್ರ, ವೇಗ, ಚಲಿಸಿದ ದಿಕ್ಕು ಎಂದೆಲ್ಲ ಕೇಳಿದ್ದರು. ನಮ್ಮ ಗುಡ್ಡಗಳು ಚಲಿಸುತ್ತಿವೆ ಎಂಬುದು ಅಂತೂ ಮೇಲಿನವರಿಗೂ ತಿಳಿಯಿತಲ್ಲ! ನಾನು ಹುರುಪಿನಿಂದ ನಮೂನೆ ತುಂಬಿದೆ. ಬಣ್ಣ: ಕೆಂಪು. ಗಾತ್ರ: ಮೊದಲಿದ್ದಷ್ಟು ಈಗಿಲ್ಲ. ದಿಕ್ಕು: ಬಂದರಿನ ಕಡೆಗೆ. ವೇಗ: ಇಳಿಜಾರಿನಲ್ಲಿ ಭಯಂಕರ, ರೈಲ್ವೆ ಗೇಟಿನಲ್ಲಿ ಸೊನ್ನೆ. ಕಣ್ಮರೆಯಾದ ರೀತಿ: ಎಲ್ಲರ ಕಣ್ಣೆದುರಿಗೇ. ನೋಡಿದವರು: ಯಶವಂತನಗರದಿಂದ ಹೊಸಪೇಟೆಯವರೆಗೆ ಕಣ್ಣಿರುವ ಸಮಸ್ತರು. 'ಇದಕ್ಕೆ ಸಂಬಂಧಿಸಿದ ವ್ಯಕ್ತಿಗಳಿದ್ದಲ್ಲಿ ಹೆಸರು' ಎಂಬ ಕಾಲಂ ಚಿಕ್ಕದಾಗಿತ್ತು. ಹಾಗಾಗಿ ಬೇರೆ ಹಾಳೆಯಲ್ಲಿ, ಗುಡ್ಡಗಳನ್ನು ಅಕ್ರಮವಾಗಿ ಅಗೆದು ಸಾಗಿಸುವವರ ಹೆಸರುಗಳನ್ನು ಬರೆದು ಲಗತ್ತಿಸಿದೆ. ಇಡೀ ತಾಲ್ಲೂಕಿಗೆ ಗೊತ್ತಿದ್ದೂ ಯಾರೂ ಬಾಯಿಬಿಡದ ಹೆಸರುಗಳು ಅವು.

ನಮ್ಮ ಸಾಹೇಬರಿಗೆ ಸಹಿ ಮಾಡುವ ಮುನ್ನ ಓದುವ ಅಭ್ಯಾಸವಿರಲಿಲ್ಲ. ಎರಡೂ ಹಾಳೆಗೆ ಸಹಿ ಬಿತ್ತು. ವರದಿ ಒಂದು ದಿನ ಮೊದಲೇ ಹೊರಟುಹೋಯಿತು.

ನಾಲ್ಕನೆಯ ದಿನ ಹಿನ್ನೆಲೆ ಟಿಪ್ಪಣಿ ಬಂತು. ತಲೆಬರಹ ಹೀಗಿತ್ತು: 'ಗುರುತಿಸಲಾಗದ ಹಾರುವ ವಸ್ತುಗಳು: ಸರ್ಕಾರಿ ತನಿಖೆಗಳ ಇತಿಹಾಸ.'

ನಾನು ಕುರ್ಚಿ ಹಿಡಿದುಕೊಂಡು ಓದಿದೆ. ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯ ಆಕಾಶದಲ್ಲಿ ಕಂಡ ತಟ್ಟೆಗಳನ್ನು ಸುಮಾರು ಇಪ್ಪತ್ತು ವರ್ಷ ತನಿಖೆ ಮಾಡಿತಂತೆ. ಬಹುಪಾಲು ನಕ್ಷತ್ರ, ಬಲೂನು, ವಿಮಾನಗಳೇ ಎಂದು ತಿಳಿದು ಕಡತ ಮುಚ್ಚಿತಂತೆ. ಇಂಗ್ಲೆಂಡಿನಲ್ಲಿ ಇಂಥ ದೂರು ತೆಗೆದುಕೊಳ್ಳಲೆಂದೇ ಸರ್ಕಾರಿ ಮೇಜೊಂದು ಇತ್ತಂತೆ. ಫ್ರಾನ್ಸಿನವರದು ಇನ್ನೂ ನಡೆದೇ ಇತ್ತು. ಇಷ್ಟು ದೇಶಗಳಲ್ಲಿ ಯಾವ ಗುಮಾಸ್ತನೂ ತಟ್ಟೆಯ ಬದಲು ಗುಡ್ಡದ ವರದಿ ಕಳಿಸಿದ ದಾಖಲೆ ಇರಲಿಲ್ಲ.

"ಹಂಗಾರ ನಾವು ಸಂಡೂರಿನ ಗುಡ್ಡ ಹಾರ್ಯಾವ ಅಂತ ಬರದೀವಲ್ರಿ ಸರ್," ಎಂದ ಮೆಹಬೂಬ್.

ಸಾಹೇಬರು ವರದಿಯ ಕಚೇರಿ ಪ್ರತಿಯ ಮೇಲೆ ಕಣ್ಣಾಡಿಸುತ್ತ ನನ್ನನ್ನು ಒಳಗೆ ಕರೆದರು. "ಗುರುರಾಜ್, ಆ ಹೆಸರಿನ ಹಾಳಿ ಮ್ಯಾಲೂ ನನ್ನ ಸಹಿ ಐತೇನ್ರಿ?"

"ಐತ್ರಿ ಸರ್."

"ಅದರಾಗ ಮೂರನೇ ಹೆಸರಿನವ್ರ ನನ್ನ ಇಲ್ಲಿಗೆ ಹಾಕಿಸಿದ್ದು." ಅವರು ಬೈಯಲಿಲ್ಲ. ಬೈದಿದ್ದರೆ ಧೈರ್ಯವಾಗುತ್ತಿತ್ತು.

ನಿಜಕ್ಕೂ ಹೆದರಿದೆ. ಮಗಳ ಲಗ್ನಕ್ಕೆ ಎರಡು ತಿಂಗಳಿತ್ತು. ಬೀಗರು ಹುಡುಗಿಯನ್ನು ಒಪ್ಪಿದ್ದು ಎಷ್ಟೋ, 'ತಂದಿ ಗೌರ್ಮೆಂಟ್ ನೌಕರಿ' ಎಂಬುದನ್ನು ಒಪ್ಪಿದ್ದು ಅದಕ್ಕಿಂತ ಹೆಚ್ಚು. ಮನೆಗೆ ಬಂದು ಹೆಂಡತಿ ಸರೋಜಾಗೆ ಎಲ್ಲವನ್ನೂ ಹೇಳಿದೆ.

"ಸಸ್ಪೆಂಡ್ ಮಾಡ್ತಾರೇನ್ರಿ?"

"ಮಾಡಬಹುದು."

"ಎಷ್ಟು ದಿನ?"

"ಯಾಕ?"

"ನಮ್ಮ ತಂಗಿ ಕಂಪ್ಲಿಯಾಗ ಮನಿ ಕಟ್ಟಸಾಕತ್ತಾಳ್ರಿ. ಗೌಂಡಿಗಳ ಮುಂದ ನಿಂದ್ರಾಕ ಒಬ್ರು ಬೇಕಾಗ್ಯಾರ." ಇಷ್ಟು ಹೇಳಿ ದೇವರ ಮುಂದೆ ದೀಪ ಹಚ್ಚಲು ಹೋದಳು. ನಾಲ್ಕನೆಯ ಕಡ್ಡಿಗೆ ದೀಪ ಹತ್ತಿತು.

ಮರುದಿನ ನಾನು ಇನ್ನೊಂದು ಬುದ್ಧಿವಂತಿಕೆ ಮಾಡಿದೆ. 'ನಮ್ಮ ವರದಿಯಲ್ಲಿನ ಗುಡ್ಡಗಳು ಹಾರುವುದಿಲ್ಲ, ಲಾರಿಯಲ್ಲಿ ಹೋಗುತ್ತವೆ. ದಯವಿಟ್ಟು ತಿದ್ದಿಕೊಳ್ಳುವುದು' ಎಂದು ತಿದ್ದೋಲೆ ಕಳಿಸಿದೆ. ಅದು ಹೋದ ಮೇಲೆ ಗೊತ್ತಾಯಿತು, ಮೊದಲನೆಯದನ್ನು ಅವರು ಓದಿರದಿದ್ದರೂ ಈಗ ಹುಡುಕಿ ಓದುತ್ತಾರೆ ಎಂದು. ಮೆಹಬೂಬನಿಗೆ ಇದು ಟೈಪ್ ಮಾಡುವಾಗಲೇ ಗೊತ್ತಾಗಿತ್ತಂತೆ. "ನೀವು ಸೀನಿಯರ್ ಅದೀರಲ್ರಿ, ಅದಕ್ಕ ಸುಮ್ನಿದ್ದೆ," ಎಂದ.

ವಾರದ ನಂತರ ಜ್ಞಾಪನ ಬಂತು. 'ಎತ್ತರದ ಕಾಲಂ ಖಾಲಿ ಇದೆ. ಕೂಡಲೇ ಭರ್ತಿ ಮಾಡಿ ಕಳುಹಿಸುವುದು.' ಬೇರೇನೂ ಇಲ್ಲ. 'ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆ' ಎಂದು ತುಂಬಿ ಕಳಿಸಿದೆ. ಆಮೇಲೆ ಇಪ್ಪತ್ತು ದಿನ ಯಾವ ಸುದ್ದಿಯೂ ಇಲ್ಲ. ಕಚೇರಿಯ ಮುಂದೆ ದೊಡ್ಡ ಕಾರು ನಿಂತರೆ ನಾನು ದಾಖಲೆ ಕೋಣೆಗೆ ಹೋಗಿ ಹಳೆಯ ಕಟ್ಟುಗಳನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದೆ. ಆ ಕೋಣೆ ಅಷ್ಟು ಸ್ವಚ್ಛವಾಗಿದ್ದದ್ದು ಆ ತಿಂಗಳು ಮಾತ್ರ.

ಕೊನೆಗೆ ಉತ್ತರ ಬಂತು. ಸಾಹೇಬರು ಮೊದಲ ಬಾರಿಗೆ ಒಂದು ಪತ್ರವನ್ನು ಪೂರ್ತಿ ಓದಿದರು, ಅದೂ ಗಟ್ಟಿಯಾಗಿ. 'ತಮ್ಮ ವರದಿಯನ್ನು ಪರಿಶೀಲಿಸಲಾಗಿದೆ. ಸದರಿ ವಸ್ತುಗಳು ಕೇವಲ ದೃಷ್ಟಿಭ್ರಮೆಯೆಂದು ತೀರ್ಮಾನಿಸಿ ಕಡತ ಮುಕ್ತಾಯಗೊಳಿಸಿದೆ. ಲಗತ್ತಿಸಿದ ಪಟ್ಟಿಯಲ್ಲಿರುವ ಮಹನೀಯರನ್ನು ಪ್ರತ್ಯಕ್ಷದರ್ಶಿಗಳೆಂದು ದಾಖಲಿಸಿಕೊಂಡಿದ್ದು, ಅವರ ಸಹಕಾರಕ್ಕಾಗಿ ಸರ್ಕಾರದ ಕೃತಜ್ಞತೆಗಳನ್ನು ತಮ್ಮ ಕಚೇರಿಯ ಮೂಲಕ ತಿಳಿಸುವುದು.'

ಸಾಹೇಬರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಇಬ್ಬರಿಗೂ ಉಸಿರು ಒಮ್ಮೆಲೇ ಬಂತು. ಮೆಹಬೂಬ್ ಯಾರೂ ಹೇಳದೆ ಹೋಗಿ ಮಿರ್ಚಿ, ಮಂಡಕ್ಕಿ ಒಗ್ಗರಣಿ ತಂದ. ಮನೆಗೆ ಫೋನ್ ಮಾಡಿದರೆ ಸರೋಜಾ ಎರಡೆರಡು ಸಲ ಹೇಳಿಸಿಕೊಂಡಳು. ಆಮೇಲೆ, "ಛಲೋ ಆತು ಬಿಡ್ರಿ, ಗೌಂಡಿಗಳು ಬಚಾವಾದ್ರು," ಎಂದಳು.

ನನ್ನ ನೌಕರಿಯಲ್ಲಿ ನಾನು ಬರೆದ ಒಂದೇ ಒಂದು ನಿಜವಾದ ವರದಿ ದೃಷ್ಟಿಭ್ರಮೆ ಆಗಿಹೋಗಿತ್ತು. ನಾಚಿಕೆಯಾಗಬೇಕಿತ್ತು. ಆದರೆ ನಾನು ಮಿರ್ಚಿಯ ಎಣ್ಣೆ ಒರೆಸಿಕೊಂಡು ಕುಳಿತು, ಪಟ್ಟಿಯಲ್ಲಿದ್ದ ಒಬ್ಬೊಬ್ಬರಿಗೂ ಸ್ವಂತ ಕೈಯಿಂದ ಕೃತಜ್ಞತಾ ಪತ್ರ ಬರೆದೆ. ಅಷ್ಟು ದುಂಡನೆಯ ಅಕ್ಷರ ನನ್ನ ಜನ್ಮದಲ್ಲಿ ಬಂದಿರಲಿಲ್ಲ.