ಮುಸಫ್ಫಾದ ಬನ್ನಿಗೆ ಮಾಮಾನ ಕಾವಲು

ನಮ್ಮ ಸೋದರಮಾಮಾ ಈ ಭೂಮಿಯ ಮೇಲೆ ಯಾರನ್ನೂ ನಂಬುವುದಿಲ್ಲ. ಹಾಲಿನ ಪ್ಯಾಕೆಟ್ಟಿನ ಮೇಲೆ ತಾರೀಖು ಇದ್ದರೂ ಮೂಸಿ ನೋಡುತ್ತಾರೆ. ಲಿಫ್ಟಿನಲ್ಲಿ ಯಾರಾದರೂ ನಕ್ಕರೆ ಕೂಡಲೇ ಜೇಬು ಮುಟ್ಟಿಕೊಳ್ಳುತ್ತಾರೆ. ಇಂಥವರು ಗಲ್ಫಿನ ಮುಸಫ್ಫಾ ಎಂಬ ಕೈಗಾರಿಕಾ ಪ್ರದೇಶದ ವರ್ಕ್‌ಶಾಪೊಂದರಲ್ಲಿ ಇಪ್ಪತ್ತು ವರ್ಷದಿಂದ ಸ್ಟೋರ್‌ಕೀಪರ್! ಕಂಪನಿಗೆ ಇದಕ್ಕಿಂತ ಒಳ್ಳೆಯ ಆಳು ಇನ್ನೆಲ್ಲಿ ಸಿಗಬೇಕು, ಹೇಳಿ?

ಅವರು ನಂಬಿದ್ದು ಒಂದನ್ನೇ: ವರ್ಕ್‌ಶಾಪಿನ ಹಿಂದಿರುವ ಗಾಫ್ ಮರ. ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದಷ್ಟು ದಪ್ಪ. ಯಾವ ಕಾಲದ್ದೋ ಏನೋ, ಸುತ್ತಲಿನ ಶೆಡ್ಡುಗಳೆಲ್ಲ ಅದರ ಮುಂದೆ ನಿನ್ನೆ ಮೊನ್ನೆ ಹುಟ್ಟಿದವು. ಇಲ್ಲಿಯವರಿಗೆ ಅದು ಗಾಫ್. ಗದಗಿನ ಮಾಮಾನಿಗೆ ಎಲೆ, ಮುಳ್ಳು ನೋಡಿದ ಕೂಡಲೇ ಗುರುತು ಹತ್ತಿತು: ನಮ್ಮ ದಸರೆಯ ಬನ್ನಿ! ಅಂದಿನಿಂದ ಕಾವಲು ಶುರು. ನೆರಳಲ್ಲಿ ಕೂತು ರೊಟ್ಟಿ ತಿನ್ನುವ ಪೇಶಾವರದ ವೆಲ್ಡರ್ ಬೆನ್ನು ತಿಕ್ಕಿ ತೊಗಟೆ ಸವೆಸುತ್ತಾನಂತೆ. ಟ್ರೇಲರ್ ಡ್ರೈವರ್ ರಿವರ್ಸ್ ತೆಗೆದರೆ ಮರಕ್ಕೆ ಗುದ್ದಲು ಬೇಕೆಂದೇ ತೆಗೆದನಂತೆ.

ನಾನು ಸ್ವಂತ ತಂಗಿಯ ಮಗಳು, ನನ್ನ ಮೇಲಾದರೂ ನಂಬಿಕೆ ಬೇಡವೇ? ವಿಜಯದಶಮಿಗೆ ಎಲೆ ತರಲು ಹೋಗಿದ್ದೆ. ಟೊಂಗೆಗೆ ಕೈ ಚಾಚಿದ್ದೇ ತಡ, “ಬಿದ್ದದ್ದು ಆರಿಸ್ಕೋವಾ, ಕೈ ಮ್ಯಾಲ ಎತ್ತಬ್ಯಾಡ” ಎಂದರು. ಉರಿಬಿಸಿಲಲ್ಲಿ ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತು ಒಣಗಿದ ಎಲೆ ಆರಿಸಿಕೊಂಡೆ. ಹೊರಡುವಾಗ ನನ್ನ ವ್ಯಾನಿಟಿ ಬ್ಯಾಗನ್ನೂ ಬಿಚ್ಚಿಸಿ ನೋಡಿದರು!

ಈ ಸಂಶಯವೇ ಹೋದ ತಿಂಗಳು ಮರವನ್ನು ಕೊಲ್ಲುವುದರಲ್ಲಿತ್ತು. ಹಿಂದುಗಡೆ ರಸ್ತೆ ಬರುತ್ತದೆಂದು ಸರ್ವೆಯವರು ಬಂದು ಮರಕ್ಕೆ ಕೆಂಪು ಟೇಪು ಸುತ್ತಿ ಹೋದರು. ಕೆಂಪು ಅಂದಮೇಲೆ ಕಡಿಯುವುದಕ್ಕೇ ಎಂದು ಮಾಮಾ ತೀರ್ಮಾನಿಸಿದರು. ಯಾರನ್ನಾದರೂ ಕೇಳಬಹುದಿತ್ತಲ್ಲ? ಕೇಳಿದರೆ ಅವರು ನಿಜವನ್ನೇ ಹೇಳುತ್ತಾರೆಂದು ಏನು ಗ್ಯಾರಂಟಿ! ಟೇಪು ಬಿಚ್ಚಿ, ಪಕ್ಕದಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಪೋರ್ಟಾಕ್ಯಾಬಿನ್ ಎಂಬ ತಗಡಿನ ಕೋಣೆಗೆ ಸುತ್ತಿ, ಖಲಾಸ್, ಮರ ಉಳಿಯಿತು ಎಂದು ನನಗೆ ಫೋನ್ ಮಾಡಿದರು.

ನಾಲ್ಕು ದಿನಕ್ಕೆ ಬುಲ್ಡೋಜರ್ ಬಂತು. ಆ ಕ್ಯಾಬಿನ್ನಿಗೆ ಬಹಳ ಮರ್ಯಾದೆಯಿಂದ ಸುತ್ತು ಹಾಕಿ ಸೀದಾ ಮರದ ಕಡೆ ಹೊರಟಿತಂತೆ! ಸರ್ವೆಯವರು ಕೆಂಪು ಟೇಪು ಸುತ್ತಿದ್ದು ಮುಟ್ಟಬಾರದ್ದು ಎಂಬ ಗುರುತಿಗೆ. ಮಾಮಾ ಮರದ ಬುಡದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಲಗೂ ಬಾ ಎಂದು ನನಗೆ ಫೋನ್ ಹಚ್ಚಿದರು.

ನಾನು ಟ್ಯಾಕ್ಸಿ ಹಿಡಿದು ಹೋದಾಗ ಈಜಿಪ್ಟಿನ ಎಂಜಿನಿಯರು ತಲೆ ಮೇಲೆ ಕೈಹೊತ್ತು ನಿಂತಿದ್ದ. ಮಾಮಾ ತಮ್ಮ ಹರುಕು ಮುರುಕು ಹಿಂದಿಯಲ್ಲಿ ಎಲ್ಲ ಒಪ್ಪಿಕೊಂಡರು. ಟೇಪು ಬಿಚ್ಚಿದವನು ನಾನೇ, ಬೇಕಾದರೆ ವೀಸಾ ರದ್ದು ಮಾಡಿಸಿ ಊರಿಗೆ ಕಳಿಸಿ, ಮರ ಮಾತ್ರ ಬಿಡಿ ಎಂದರು. ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಎಂಜಿನಿಯರು ಬುಲ್ಡೋಜರಿಗೆ ಹಿಂದೆ ಸರಿಯುವಂತೆ ಕೈ ಮಾಡಿದ. ಆಮೇಲೆ ಹೊಸ ಟೇಪಿನ ಸುರುಳಿ ತಂದು, ನೀನೇ ಕಟ್ಟು ಎಂದು ಅವರ ಕೈಗಿಟ್ಟ.

ನಾನು ತುದಿ ಹಿಡಿದೆ, ಮಾಮಾ ಸುತ್ತಿ ಸುತ್ತಿ ಗಂಟಿನ ಮೇಲೆ ಗಂಟು ಹಾಕಿದರು. ಒಂದು ಮರಕ್ಕಾಗಿ ನೌಕರಿಯನ್ನೇ ಕಳೆದುಕೊಳ್ಳುತ್ತಿದ್ದಿರಲ್ಲ ಎಂದು ಗದರಿದೆ. ಅವರು ಗಂಟು ಬಿಗಿಯುತ್ತಲೇ ಹೇಳಿದರು:

“ನಿಮ್ಮತ್ತಿ ತೀರಿಕೊಂಡಾಗ ನನಗ ರಜಾ ಸಿಗಲಿಲ್ಲ. ಇಲ್ಲೇ, ಇದರ ಬುಡಕ್ಕ ಕುಂತು ಅತ್ತೀನಿ. ಇವತ್ತಿನ ತನಕಾ ಈ ಮರ ಯಾರ ಮುಂದೂ ಹೇಳಿಲ್ಲ.”

ಅತ್ತೆ ತೀರಿಕೊಂಡ ದಿನ ಫೋನಿನಲ್ಲಿ ಅವರ ದನಿ ಒಂದಿಷ್ಟೂ ನಡುಗಿರಲಿಲ್ಲ. ಎಂಥ ಕಲ್ಲು ಮನುಷ್ಯ ಎಂದು ಮನೆಮಂದಿಯೆಲ್ಲ ಆಡಿಕೊಂಡಿದ್ದೆವು. ನಾನೂ ಆಡಿಕೊಂಡಿದ್ದೆ. ಟೇಪಿನ ತುದಿ ಹಿಡಿದು ನಿಂತಲ್ಲೇ ನನಗೆ ಅಳು ಬಂದುಬಿಟ್ಟಿತು.